ಗಡಿಯಾಚೆ ನಿಂತ ಬೆಟ್ಟ

ಕಲಘಟಗಿ ತಾಲೂಕಿನ ತಂಬೂರ ನನ್ನ ಊರು. ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುವ ಸೆರಗಿನ ಊರು ಅದು. ಭತ್ತ, ಗೋವಿನಜೋಳದ ಹೊಲಗಳು, ಕೆರೆ, ಬಸವಣ್ಣನ ಹಳೆಯ ಗುಡಿ. ನಮ್ಮ ಮನೆಯೊಳಗೆ ದಖನಿ, ಅಂಗಳಕ್ಕೆ ಇಳಿದರೆ ಧಾರವಾಡದ ಕನ್ನಡ. ಇಂಥ ಊರಿನವನೊಬ್ಬ ಆರ್ಮೇನಿಯಾದ ಬಗ್ಗೆ ಬರೆಯಲು ಕೂತದ್ದು ಓದುಗರಿಗೆ ಸೋಜಿಗವೆನಿಸಬಹುದು. ಆದರೆ ಗಲ್ಫಿನಲ್ಲಿ ದುಡಿಯುವವರಿಗೆ ಅದೇನೂ ದೂರದ ದೇಶವಲ್ಲ. ಶಾರ್ಜಾದಿಂದ ವಿಮಾನದಲ್ಲಿ ಮೂರು ತಾಸು, ಸ್ವಲ್ಪ ಹೆಚ್ಚು. ಈಚಿನ ವರ್ಷಗಳಲ್ಲಿ ಹಬ್ಬದ ರಜೆ ಬಂತೆಂದರೆ ನಮ್ಮವರು ಜಾರ್ಜಿಯಾ, ಅಜರ್‌ಬೈಜಾನ್, ಆರ್ಮೇನಿಯಾ ಎಂದು ಹೊರಡುತ್ತಾರೆ. ಊರಿಗೆ ಹೋದರೆ ನೆಂಟರ ಮನೆ ಸುತ್ತುವುದಕ್ಕೇ ನಾಲ್ಕು ದಿನ ಸಾಲುವುದಿಲ್ಲ. ಮರಳು ನೋಡಿ ದಣಿದ ಕಣ್ಣಿಗೆ ಒಂದಿಷ್ಟು ಹಸಿರು, ಹರಿಯುವ ನೀರು ಬೇಕಾಗಿರುತ್ತದೆ.

2024ರ ಜೂನ್ ತಿಂಗಳ ಬಕ್ರೀದಿಗೆ ನಾನೂ ಹಾಗೆಯೇ ಹೊರಟೆ. ಶಾರ್ಜಾದಲ್ಲಿ ಈದಿನ ನಮಾಜು ಮುಗಿಸಿ ಊರಿಗೆ ಫೋನು ಮಾಡಿದಾಗ ಅಮ್ಮ ಕೇಳಿದಳು: "ಅಲ್ಲೇನ ಐತಿ ಅಂತ ಹೊಂಟೀಯೋ? ನಮ್ಮವರು ಯಾರರ ಅದಾರೇನ ಅಲ್ಲೆ?" ನಮ್ಮವರು ಯಾರೂ ಇಲ್ಲ ಎಂದು ಹೇಳಿದೆ. ಆರು ದಿನ ಕಳೆದು ಮರಳುವಾಗ ಅಮ್ಮನ ಪ್ರಶ್ನೆ ಅಷ್ಟು ಸರಳವಾದದ್ದಲ್ಲ ಅನ್ನಿಸತೊಡಗಿತ್ತು.

ಮೂರು ದೇಶಗಳ ಪೈಕಿ ಆರ್ಮೇನಿಯಾವನ್ನೇ ಆರಿಸಿಕೊಳ್ಳಲು ನನಗೊಂದು ಸಣ್ಣ ಕಾರಣವಿತ್ತು. ಧಾರವಾಡ ಜಿಲ್ಲೆಯವರಿಗೆ ಹಿಂದೂಸ್ತಾನಿ ಸಂಗೀತದ ಗಾಳಿ ಎಲ್ಲಿದ್ದರೂ ಸೋಕುತ್ತದೆ. ಕುಂದಗೋಳ ಸವಾಯಿ ಗಂಧರ್ವರ ಊರು. ನಮ್ಮ ಪಕ್ಕದ ತಾಲೂಕು. ಹಳೆಯ ಗಾಯಕರ ಬಗ್ಗೆ ಓದುವಾಗ ಗೌಹರ್ ಜಾನ್ ಹೆಸರು ಕಣ್ಣಿಗೆ ಬಿದ್ದಿತ್ತು. 1902ರಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿ, ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳಿದ ಗಾಯಕಿ ಆಕೆ. 1873ರಲ್ಲಿ ಆಜಂಗಢದಲ್ಲಿ ಹುಟ್ಟಿದಾಗ ಇಟ್ಟ ಹೆಸರು ಏಂಜಲಿನಾ. ತಂದೆ ಆರ್ಮೇನಿಯನ್ ಮೂಲದವನೆಂದು ಆಕೆಯ ಚರಿತ್ರೆ ಬರೆದವರು ಹೇಳುತ್ತಾರೆ. ತಂದೆ ತಾಯಿ ಬೇರೆಯಾದ ಮೇಲೆ ತಾಯಿ ಇಸ್ಲಾಂ ಸ್ವೀಕರಿಸಿ ಮಲ್ಕಾ ಜಾನ್ ಆದಳು, ಮಗಳು ಗೌಹರ್ ಜಾನ್ ಆದಳು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹಾಡಿ ಹೆಸರು ಮಾಡಿದ ಆಕೆ ಬದುಕಿನ ಕೊನೆಗಾಲದಲ್ಲಿ ಬಂದದ್ದು ನಮ್ಮ ಮೈಸೂರಿಗೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅರಮನೆಯ ಗಾಯಕಿಯಾಗಿ ಕರೆಸಿಕೊಂಡರು. 1930ರ ಜನವರಿ 17ರಂದು ಆಕೆ ಮೈಸೂರಿನಲ್ಲೇ ತೀರಿಕೊಂಡಳು. ಕ್ರೈಸ್ತಳಾಗಿ ಹುಟ್ಟಿ, ಮುಸ್ಲಿಮಳಾಗಿ ಬಾಳಿ, ಕೃಷ್ಣನ ಮೇಲಿನ ಠುಮರಿಗಳನ್ನು ಹಾಡಿ, ಕನ್ನಡದ ನೆಲದಲ್ಲಿ ಕೊನೆಯುಸಿರೆಳೆದವಳ ತಂದೆಯ ಕಡೆಯ ನಾಡು ಹೇಗಿರಬಹುದು ಎಂಬ ಕುತೂಹಲ ನನ್ನೊಳಗೆ ಹಾಗೇ ಉಳಿದಿತ್ತು.

ರಾಜಧಾನಿ ಯೆರೆವಾನಿನಲ್ಲಿ ನಾನು ಉಳಿದದ್ದು ಒಂದು ಮನೆಯ ಮೇಲಿನ ಕೋಣೆಯಲ್ಲಿ. ಮನೆಯೊಡತಿಗೆ ಎಪ್ಪತ್ತರ ಆಸುಪಾಸು. ನನಗೆ ಆರ್ಮೇನಿಯನ್ ಬಾರದು, ರಷ್ಯನ್ ಬಾರದು. ಅವರಿಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಕೈಸನ್ನೆಯಲ್ಲಿ ನಾಲ್ಕು ಮಾತಾಡಿ ಸೋತ ಮೇಲೆ ನಾನು ಯಾವುದೋ ಯೋಚನೆಯಲ್ಲಿ "ಶುಕ್ರನ್" ಎಂದೆ. ಅವರ ಮುಖವೇ ಬದಲಾಯಿತು. ಅಚ್ಚ ಅರಬ್ಬಿಯಲ್ಲಿ ಮಾತು ಹೊರಬಂತು. ಅವರು ಹುಟ್ಟಿ ಬೆಳೆದದ್ದು ಸಿರಿಯಾದ ಅಲೆಪ್ಪೊದಲ್ಲಿ. 2011ರಲ್ಲಿ ಅಲ್ಲಿ ಯುದ್ಧ ಶುರುವಾದ ಮೇಲೆ ಸಾವಿರಾರು ಆರ್ಮೇನಿಯನ್ನರು ಯೆರೆವಾನಿಗೆ ಬಂದರು. ಅವರಲ್ಲಿ ಇವರದೂ ಒಂದು ಕುಟುಂಬ. ನನ್ನ ಗೋದಾಮಿನ ಅರಬ್ಬಿ ಕೇಳಿ ಅವರಿಗೆ ನಗು. ನಾನು ಅವರನ್ನು "ಖಾಲಾ" ಎಂದು ಕರೆದೆ. ಅರಬ್ಬಿಯಲ್ಲೂ ನಮ್ಮ ದಖನಿಯಲ್ಲೂ ಚಿಕ್ಕಮ್ಮನಿಗೆ ಅದೇ ಶಬ್ದ. ಅಲ್ಲಿಂದ ಮುಂದಿನ ಆರು ದಿನವೂ ಅವರು ನನಗೆ ಖಾಲಾ ಆದರು.

ಮರುದಿನ ನಸುಕಿಗೆ ನನ್ನನ್ನು ಎಬ್ಬಿಸಿ ಮಾಳಿಗೆಗೆ ಕರೆದರು. ಬೇಸಿಗೆಯಲ್ಲಿ ಬಿಸಿಲೇರಿದರೆ ಮಬ್ಬು ಕವಿದುಬಿಡುತ್ತದೆ, ಈಗಲೇ ನೋಡು ಎಂದರು. ದಕ್ಷಿಣದ ಕಡೆಗೆ ಊರಿನ ಮನೆಗಳಾಚೆ, ಬಯಲಿನಾಚೆ, ಅರಾರತ್ ಪರ್ವತ ನಿಂತಿತ್ತು. 5,137 ಮೀಟರ್ ಎತ್ತರ. ಜೂನ್ ತಿಂಗಳಲ್ಲೂ ನೆತ್ತಿಯ ಮೇಲೆ ಹಿಮ. ಪಕ್ಕದಲ್ಲಿ ಚಿಕ್ಕ ಅರಾರತ್. ಪ್ರವಾದಿ ನೂಹರ ನಾವೆ ಇದೇ ಬೆಟ್ಟಕ್ಕೆ ತಾಗಿತೆಂದು ಕ್ರೈಸ್ತರ ನಂಬಿಕೆ. ಕುರ್‌ಆನಿನಲ್ಲಿ ಬರುವುದು ಜೂದಿ ಪರ್ವತದ ಹೆಸರು. ಅದೂ ಈಗಿನ ಟರ್ಕಿಯಲ್ಲೇ ಇದೆ ಎನ್ನುತ್ತಾರೆ. ಬೆಟ್ಟದ ಹೆಸರು ಬೇರೆಯಾದರೂ ಕಥೆ ಒಂದೇ. ನಾನು ಇಷ್ಟನ್ನು ಹೇಳಿದಾಗ ಖಾಲಾ ತಲೆಯಾಡಿಸಿ, "ನೂಹ್ ಎಲ್ಲಿ ಇಳಿದರೇನು, ನಮಗೆ ಮಾತ್ರ ಅಲ್ಲಿಗೆ ಹೋಗಲು ದಾರಿಯಿಲ್ಲ" ಎಂದರು.

ಅರಾರತ್ ಇರುವುದು ಟರ್ಕಿಯಲ್ಲಿ. 1921ರ ಅಕ್ಟೋಬರಿನಲ್ಲಿ ಆದ ಕಾರ್ಸ್ ಒಪ್ಪಂದದಲ್ಲಿ ಅದು ಆ ಕಡೆಯೇ ಉಳಿಯಿತು. 1993ರಲ್ಲಿ ಮುಚ್ಚಿದ ಗಡಿ ನಾನು ಹೋದಾಗಲೂ ಜನರ ಓಡಾಟಕ್ಕೆ ತೆರೆದಿರಲಿಲ್ಲ. ಆರ್ಮೇನಿಯಾದ ರಾಜಲಾಂಛನದಲ್ಲಿ ಅರಾರತ್ ಇದೆ, ಅಂಗಡಿಗಳ ಫಲಕದಲ್ಲಿ ಇದೆ, ಮಕ್ಕಳು ಬರೆಯುವ ಚಿತ್ರದಲ್ಲಿ ಇದೆ. ನೆಲದ ಲೆಕ್ಕದಲ್ಲಿ ಮಾತ್ರ ಇಲ್ಲ. ದಿನಾ ಬೆಳಿಗ್ಗೆ ಕಣ್ಣೆದುರು ನಿಲ್ಲುವ ಬೆಟ್ಟ ಪರದೇಶದ್ದಾಗಿರುವುದು ಎಂಥ ಸಂಕಟ ಎಂಬುದು ಮಾಳಿಗೆಯ ಮೇಲೆ ನಿಂತಾಗ ಅರ್ಥವಾಯಿತು.

ಆರ್ಮೇನಿಯಾ ದೊಡ್ಡ ದೇಶವಲ್ಲ. ಕರ್ನಾಟಕದ ಆರನೇ ಒಂದು ಭಾಗದಷ್ಟು ನೆಲ, ಸುಮಾರು 30 ಲಕ್ಷ ಜನ. ಬಾಡಿಗೆ ಕಾರಿನಲ್ಲಿ ಮೂರು ದಿನ ಸುತ್ತಿದೆ. ಎಲ್ಲಿ ನೋಡಿದರೂ ಕಲ್ಲು. ಬೋಳು ಗುಡ್ಡಗಳ ನಡುವೆ ಒಮ್ಮೆಲೇ ಆಳದ ಕಣಿವೆ, ಕಣಿವೆಯ ತಳದಲ್ಲಿ ಜರ್ದಾಳು ತೋಟ. ಹಣ್ಣಿನ ಕಾಲ ಶುರುವಾಗಿತ್ತು. ದಾರಿಯುದ್ದಕ್ಕೂ ಬಕೆಟ್ಟುಗಳಲ್ಲಿ ಹಣ್ಣು ತುಂಬಿಟ್ಟುಕೊಂಡು ಕೂತಿದ್ದರು. ನಮಗೆ ಒಣಗಿದ ಜರ್ದಾಳು ಮಾತ್ರ ಗೊತ್ತು. ಮರದಿಂದ ಆಗಷ್ಟೇ ಇಳಿದ ಹಣ್ಣಿನ ರುಚಿಯೇ ಬೇರೆ. ಸಸ್ಯಶಾಸ್ತ್ರದಲ್ಲಿ ಈ ಹಣ್ಣಿನ ಹೆಸರಿನೊಳಗೇ ಆರ್ಮೇನಿಯಾ ಇದೆ.

ಗಾರ್ನಿ ಎಂಬಲ್ಲಿ ಕ್ರಿಸ್ತಶಕ ಒಂದನೇ ಶತಮಾನದ, ಕ್ರೈಸ್ತ ಧರ್ಮ ಬರುವುದಕ್ಕೂ ಮೊದಲಿನ ಗುಡಿಯಿದೆ. 1679ರ ಭೂಕಂಪದಲ್ಲಿ ಕುಸಿದದ್ದನ್ನು ಸೋವಿಯತ್ ಕಾಲದಲ್ಲಿ, 1975ರ ಹೊತ್ತಿಗೆ, ಬಿದ್ದ ಕಲ್ಲುಗಳನ್ನೇ ಹುಡುಕಿ ಜೋಡಿಸಿ ಮತ್ತೆ ನಿಲ್ಲಿಸಿದ್ದಾರೆ. ಅದರ ಕೆಳಗೆ ಹರಿಯುವ ಹೊಳೆಯ ಹೆಸರು ಅಜಾತ್. ಅರ್ಥವೇನೆಂದು ಕೇಳಿದರೆ ಕಾರಿನವನು "ಸ್ವತಂತ್ರ" ಎಂದ. ನಮ್ಮ ಆಜಾದ್! ಪರ್ಷಿಯನ್ನಿನ ಗಾಳಿ ಅತ್ತ ಆರ್ಮೇನಿಯನ್ನಿಗೂ ಇತ್ತ ಉರ್ದು, ದಖನಿಗೂ ಬೀಸಿದೆ. ಅವರಿಗೂ ಸಾವಿರ ಎಂದರೆ ಹಜಾರ್. ಪ್ರೀತಿಯಿಂದ ಕರೆಯುವಾಗ ಹೆಸರಿನ ಕೊನೆಗೆ ಜಾನ್ ಸೇರಿಸುತ್ತಾರೆ. ಗೊಹಾರ್ ಎಂಬುದು ಅಲ್ಲಿ ಹೆಣ್ಣುಮಕ್ಕಳಿಗೆ ಇಡುವ ಹೆಸರು, ರತ್ನ ಎಂದರ್ಥ. ನಮ್ಮ ಮೈಸೂರಿನ ಗಾಯಕಿಯ ಹೆಸರು ಹೇಳಿದಾಗ ಖಾಲಾ ನಕ್ಕು, "ಇದರಲ್ಲಿ ಬೇರೆ ದೇಶದ್ದೇನಿದೆ, ಓಣಿಗೊಬ್ಬಳು ಗೊಹಾರ್ ಜಾನ್ ಸಿಗುತ್ತಾಳೆ" ಎಂದುಬಿಟ್ಟರು. ಮತ ಬದಲಾದಾಗ ಹೊಸದಾಗಿ ಬಂದದ್ದೆಂದು ನಾವು ತಿಳಿಯುವ ಆ ಹೆಸರು ತಂದೆಯ ಕಡೆಯವರ ನಾಡಿನಲ್ಲೂ ನಡೆಯುವ ನಾಣ್ಯವೇ ಆಗಿತ್ತು.

ಅಡುಗೆಮನೆಯಲ್ಲೂ ಇದೇ ಅನುಭವ. ಆರ್ಮೇನಿಯನ್ನರ ಲವಾಶ್ ರೊಟ್ಟಿಯನ್ನು ಯುನೆಸ್ಕೊ 2014ರಲ್ಲಿ ತನ್ನ ಪಟ್ಟಿಗೆ ಸೇರಿಸಿದೆ. ನೆಲದಲ್ಲಿ ಹೂತ ಮಣ್ಣಿನ ಒಲೆಗೆ ತೊನಿರ್ ಎನ್ನುತ್ತಾರೆ, ನಮ್ಮ ತಂದೂರ್ ಅದೇ. ಹಳ್ಳಿಯೊಂದರಲ್ಲಿ ಮೂವರು ಹೆಂಗಸರು ಕೂತು ಒಬ್ಬಳು ಲಟ್ಟಿಸಿ, ಒಬ್ಬಳು ಕೈಮೇಲೆ ಬೀಸಿ ಹಿಗ್ಗಿಸಿ, ಇನ್ನೊಬ್ಬಳು ಒಲೆಯ ಗೋಡೆಗೆ ಬಡಿದು ಬೇಯಿಸುತ್ತಿದ್ದರು. ತೆಳ್ಳಗಿನ ರೊಟ್ಟಿಗಳನ್ನು ಒಣಗಿಸಿ ಒಟ್ಟಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ತಿನ್ನುವಾಗ ನೀರು ಚಿಮುಕಿಸಿದರೆ ಮತ್ತೆ ಮೆತ್ತಗಾಗುತ್ತದೆ. ಖಡಕ್ ರೊಟ್ಟಿಯ ಗಂಟು ಕಟ್ಟಿಕೊಂಡು ಗಲ್ಫಿಗೆ ಬರುವ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಜೋಳದ ಬದಲು ಗೋಧಿ, ಅಷ್ಟೇ.

ಸಮುದ್ರಮಟ್ಟದಿಂದ 1,900 ಮೀಟರ್ ಮೇಲಿರುವ ಸೆವಾನ್ ಸರೋವರದ ದಂಡೆಗೆ ನೊರಾತುಸ್ ಎಂಬ ಹಳ್ಳಿಯಿದೆ. ಅಲ್ಲಿನ ಸ್ಮಶಾನದಲ್ಲಿ ಎಂಟುನೂರಕ್ಕೂ ಹೆಚ್ಚು ಖಚ್‌ಕಾರ್‌ಗಳಿವೆ. ಖಚ್‌ಕಾರ್ ಎಂದರೆ ಶಿಲುಬೆಗಲ್ಲು. ಆಳೆತ್ತರದ ಕಲ್ಲಿನ ಮೇಲೆ ಶಿಲುಬೆ, ಅದರ ಸುತ್ತ ಬಳ್ಳಿ, ದ್ರಾಕ್ಷಿ, ದಾಳಿಂಬೆ, ಜಾಲರಿಯಂಥ ಕುಸುರಿ. ಒಂದರಂತೆ ಇನ್ನೊಂದಿಲ್ಲ. ನಮ್ಮ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಗುಡಿಯ ಪಕ್ಕವೋ ಕೆರೆಯ ಏರಿಯ ಮೇಲೋ ವೀರಗಲ್ಲು, ಮಾಸ್ತಿಕಲ್ಲು ನಿಂತಿರುತ್ತವೆ. ಎಮ್ಮೆ ಮೈತಿಕ್ಕುವ ಆ ಕಲ್ಲುಗಳನ್ನು ನೋಡಿ ಬೆಳೆದವನಿಗೆ ನೊರಾತುಸ್ ಪರಕೀಯವೆನಿಸಲಿಲ್ಲ. ಸತ್ತವನ ಹೆಸರು ಅಳಿಯಬಾರದೆಂಬ ಹಟಕ್ಕೆ ಎರಡೂ ಕಡೆ ಕಲ್ಲೇ ಆಸರೆ. ಆರ್ಮೇನಿಯಾದ ಹಳೆಯ ಗೋರಿಗಳಲ್ಲಿ ತೊಟ್ಟಿಲಿನ ಆಕಾರದವೂ ಇವೆ. ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿಯಿಂದ ಹೋದ ನಾನು ಸ್ಮಶಾನದಲ್ಲಿ ಆ ಆಕಾರ ಕಲ್ಪಿಸಿಕೊಂಡು ಸ್ವಲ್ಪ ಹೊತ್ತು ಮಾತಿಲ್ಲದೆ ನಿಂತೆ. ತೈಮೂರನ ಸೈನ್ಯ ಬಂದಾಗ ಊರವರು ಈ ಕಲ್ಲುಗಳಿಗೆ ಬಟ್ಟೆ ತೊಡಿಸಿ, ಶಿರಸ್ತ್ರಾಣ ಇಟ್ಟು, ದೂರದಿಂದ ದೊಡ್ಡ ಸೇನೆಯಂತೆ ಕಾಣಿಸಿ ಹೆದರಿಸಿದರೆಂಬ ಕಥೆಯನ್ನು ಉಣ್ಣೆಯ ಕಾಲುಚೀಲ ಮಾರುವ ಮುದುಕಿಯರು ಈಗಲೂ ಹೇಳುತ್ತಾರೆ.

ಇದಕ್ಕಿಂತ ದೊಡ್ಡ ಖಚ್‌ಕಾರ್ ಸ್ಮಶಾನವೊಂದಿತ್ತು. ಅರಸ್ ನದಿಯ ದಂಡೆಯ ಜುಲ್ಫಾದಲ್ಲಿ, ಈಗಿನ ಅಜರ್‌ಬೈಜಾನಿನ ನಖಿಚೆವಾನ್ ಪ್ರಾಂತದಲ್ಲಿ. 2005ರ ಡಿಸೆಂಬರಿನಲ್ಲಿ ಉಳಿದಿದ್ದ ಕಲ್ಲುಗಳನ್ನೂ ಸೈನಿಕರು ಒಡೆಯುತ್ತಿದ್ದುದನ್ನು ನದಿಯ ಆಚೆ ದಡದ ಇರಾನಿನಿಂದ ಚಿತ್ರೀಕರಿಸಿದರು. ಅಜರ್‌ಬೈಜಾನ್ ಸರಕಾರ ಇದನ್ನು ಒಪ್ಪುವುದಿಲ್ಲ, ಕಲ್ಲುಗಳಂತೂ ಈಗಿಲ್ಲ. ಈ ಜುಲ್ಫಾಕ್ಕೂ ನಮಗೂ ನಂಟಿದೆ. 1604-05ರಲ್ಲಿ ಪರ್ಷಿಯಾದ ಷಾ ಅಬ್ಬಾಸ್ ಅಲ್ಲಿನ ಆರ್ಮೇನಿಯನ್ ವ್ಯಾಪಾರಿಗಳನ್ನು ಊರು ಬಿಡಿಸಿ ಇಸ್ಫಹಾನಿಗೆ ಸಾಗಿಸಿದ. ಅಲ್ಲಿ ಅವರು ಕಟ್ಟಿದ ಹೊಸ ಜುಲ್ಫಾದಿಂದ ರೇಷ್ಮೆ, ರತ್ನ, ಬಟ್ಟೆಯ ವ್ಯಾಪಾರ ಹಿಡಿದು ಸೂರತ್, ಕಲಕತ್ತೆ, ಮದರಾಸಿಗೆ ಬಂದರು. ಚೆನ್ನೈನಲ್ಲಿ ಇಂದಿಗೂ ಆರ್ಮೇನಿಯನ್ ಬೀದಿಯಿದೆ, 1772ರಲ್ಲಿ ಕಟ್ಟಿದ ಇಗರ್ಜಿಯಿದೆ. ಲೋಕದ ಮೊಟ್ಟಮೊದಲ ಆರ್ಮೇನಿಯನ್ ಪತ್ರಿಕೆ 'ಅಜ್ದರಾರ್' ಅಚ್ಚಾದದ್ದು ಯೆರೆವಾನಿನಲ್ಲಲ್ಲ, 1794ರಲ್ಲಿ ಮದರಾಸಿನಲ್ಲಿ. ಅದನ್ನು ಹೊರತಂದ ಪಾದ್ರಿ ಶ್ಮವೋನಿಯನ್ನರ ಗೋರಿ ಅದೇ ಇಗರ್ಜಿಯ ಅಂಗಳದಲ್ಲಿದೆ. ಸ್ವಂತ ರಾಜ್ಯವೇ ಇಲ್ಲದ ಕಾಲದಲ್ಲಿ, ಮುಂದೊಂದು ದಿನ ಹುಟ್ಟಬಹುದಾದ ಆರ್ಮೇನಿಯಾಕ್ಕೆ ಸಂವಿಧಾನದ ಕರಡನ್ನೂ ಮದರಾಸಿನ ಆರ್ಮೇನಿಯನ್ನರೇ ಬರೆದು ಅಚ್ಚು ಹಾಕಿದರು. ನಮ್ಮವರು ಯಾರಾದರೂ ಅಲ್ಲಿದ್ದಾರೆಯೇ ಎಂದು ಅಮ್ಮ ಕೇಳಿದ್ದಳು. ಅಲ್ಲಿನವರು ಮಾತ್ರ ನಮ್ಮಲ್ಲಿಗೆ ಬಂದು ಮುನ್ನೂರು ವರ್ಷ ದಾಟಿತ್ತು.

ಅಕ್ಷರದ ಮೇಲೆ ಈ ಜನಕ್ಕೆ ಇರುವ ಪ್ರೀತಿ ಕಂಡದ್ದು ಯೆರೆವಾನಿನ ಮತೆನದರಾನ್ ಹಸ್ತಪ್ರತಿ ಭಂಡಾರದಲ್ಲಿ. ಮೆಸ್ರೊಪ್ ಮಷ್ತೊತ್ಸ್ ಎಂಬ ಸನ್ಯಾಸಿ ಆರ್ಮೇನಿಯನ್ ಲಿಪಿಯನ್ನು ರೂಪಿಸಿದ್ದು ಕ್ರಿಸ್ತಶಕ 405ರ ಸುಮಾರಿಗೆ. ನಮ್ಮ ಹಲ್ಮಿಡಿ ಶಾಸನದ ಕಾಲ ಸುಮಾರು 450. ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಎರಡು ಭಾಷೆಗಳು ಬರೆಯುವ ಹುಮ್ಮಸ್ಸಿಗೆ ಬಂದಿವೆ. ಭಂಡಾರದಲ್ಲಿ 17 ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳಿವೆ. ಅರಬ್ಬಿ, ಪರ್ಷಿಯನ್ ಹೊತ್ತಿಗೆಗಳೂ ಇವೆ. ಗಾಜಿನ ಪೆಟ್ಟಿಗೆಯೊಳಗೆ ಮೂಷ್ ಊರಿನ ದೊಡ್ಡ ಗ್ರಂಥವೊಂದಿದೆ. ಚರ್ಮದ ಹಾಳೆಗಳ ಅದರ ತೂಕ ಸುಮಾರು 28 ಕಿಲೊ. 1915ರಲ್ಲಿ ಮಠ ಸುಟ್ಟಾಗ ಇಬ್ಬರು ಹೆಂಗಸರು ಅದನ್ನು ಒಯ್ಯಲಾಗದೆ ಎರಡು ಪಾಲು ಮಾಡಿ ಹೊತ್ತರು. ಒಬ್ಬಳು ತನ್ನ ಪಾಲನ್ನು ಎಚ್ಮಿಯಾದ್ಜಿನ್ ಮಠಕ್ಕೆ ಮುಟ್ಟಿಸಿದಳು. ಇನ್ನೊಂದು ಪಾಲನ್ನು ಎರ್ಜುರುಮ್ ಊರಿನ ಮಠದಲ್ಲಿ ಹೂತಿಟ್ಟರು. ವರ್ಷಗಳ ಮೇಲೆ ಅದೂ ಸಿಕ್ಕಿತು. ಜೀವ ಉಳಿಸಿಕೊಳ್ಳಲು ಓಡುವಾಗ ಕೈಗೆತ್ತಿಕೊಂಡದ್ದು ಪುಸ್ತಕವನ್ನು.

ಹಾಡಿನ ಸಂಗತಿಯನ್ನೂ ಹೇಳಬೇಕು. ಒಂದು ಸಂಜೆ ಊರಿನ ಚೌಕದಲ್ಲಿ ಇಬ್ಬರು ದುದುಕ್ ಊದುತ್ತಿದ್ದರು. ಜರ್ದಾಳು ಮರದಿಂದ ಮಾಡಿದ ಓಲಗದಂಥ ವಾದ್ಯ. ದನಿ ಮಾತ್ರ ಓಲಗದ್ದಲ್ಲ, ಕೊರಳು ತುಂಬಿಬಂದವರ ದನಿ. ಒಬ್ಬ ರಾಗ ನುಡಿಸಿದರೆ ಇನ್ನೊಬ್ಬ ಮೊದಲಿನಿಂದ ಕೊನೆಯವರೆಗೆ ಒಂದೇ ಸ್ವರವನ್ನು ಉಸಿರು ಕಡಿಯದೆ ಹಿಡಿದಿರುತ್ತಾನೆ. ಆ ಹಿಡಿದ ಸ್ವರಕ್ಕೆ ಅವರು 'ದಮ್' ಎನ್ನುತ್ತಾರೆ, ಉಸಿರು ಎಂಬ ಅರ್ಥದ ಪರ್ಷಿಯನ್ ಶಬ್ದ. ನಮ್ಮಲ್ಲಿ ಗಾಯಕರ ಹಿಂದೆ ತಂಬೂರಿ ಮಾಡುವ ಕೆಲಸ ಅದೇ. ಹದಿನೆಂಟನೇ ಶತಮಾನದಲ್ಲಿ ಇವರ ನಡುವೆ ಸಯಾತ್ ನೋವಾ ಎಂಬ ಕವಿಯಿದ್ದ. ಹಾಡುತ್ತ ತಿರುಗುವ ಇಂಥವರಿಗೆ ಅಲ್ಲಿ 'ಆಶುಗ್' ಎಂದು ಹೆಸರು. ಅದರ ಬೇರು ಅರಬ್ಬಿಯ ಆಶಿಕ್. ಆತ ಆರ್ಮೇನಿಯನ್, ಜಾರ್ಜಿಯನ್ ಭಾಷೆಗಳಲ್ಲಿ ಹಾಡಿದಂತೆಯೇ ಮುಸ್ಲಿಮರ ಅಜರ್‌ಬೈಜಾನಿ ತುರ್ಕಿಯಲ್ಲೂ ಹಾಡಿದ್ದಾನೆ. ಸಿಕ್ಕಿರುವ ಹಾಡುಗಳಲ್ಲಿ ಹೆಚ್ಚಿನವು ಆ ಭಾಷೆಯವೇ. ಕಳಸದ ಗೋವಿಂದ ಭಟ್ಟರ ಶಿಷ್ಯರಾದ ಶಿಶುನಾಳ ಷರೀಫರ ನೆರೆಯಲ್ಲಿ ಹುಟ್ಟಿದ ನಮಗೆ ಇಂಥವರ ಗುರುತು ಹಿಡಿಯುವುದು ಕಷ್ಟವಲ್ಲ. ಯಾವ ನಾಡಿನಲ್ಲೂ ಹಾಡುವವರು ಗಡಿಯನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿದಂತಿಲ್ಲ.

ಒಂದು ಮಧ್ಯಾಹ್ನ ಜುಹರ್ ನಮಾಜಿಗೆ ಯೆರೆವಾನಿನ ನೀಲಿ ಮಸೀದಿಗೆ ಹೋದೆ. ಊರು ಪರ್ಷಿಯನ್ನರ ಕೈಯಲ್ಲಿದ್ದಾಗ, 1760ರ ದಶಕದಲ್ಲಿ, ಹುಸೇನ್ ಅಲಿ ಖಾನ್ ಕಟ್ಟಿಸಿದ್ದು. ಸೋವಿಯತ್ ಕಾಲದಲ್ಲಿ ವಸ್ತುಸಂಗ್ರಹಾಲಯವಾಗಿತ್ತು. ಸ್ವಾತಂತ್ರ್ಯದ ನಂತರ 1990ರ ದಶಕದಲ್ಲಿ ಇರಾನಿನ ನೆರವಿನಿಂದ ದುರಸ್ತಿಯಾಗಿ ಮತ್ತೆ ನಮಾಜು ಶುರುವಾಯಿತು. ಅಂಗಳದಲ್ಲಿ ಹಳೆಯ ಹಿಪ್ಪುನೇರಳೆ ಮರ, ನೀರಿನ ಕೊಳ. ಇರಾನಿಯರು ಕೈ ಇಳಿಬಿಟ್ಟು ನಿಂತಿದ್ದರು, ನಾನು ಕೈಕಟ್ಟಿ ನಿಂತೆ. ಯಾರೂ ತಿರುಗಿ ನೋಡಲಿಲ್ಲ. ನಮಾಜು ಮುಗಿದ ಮೇಲೆ ಪಕ್ಕದವನು ಯಾವ ಊರೆಂದು ಕೇಳಿದ. "ತಂಬೂರ" ಎಂದೆ. ಆತ ನಗುತ್ತ ಗಾಳಿಯಲ್ಲಿ ತಂತಿ ಮೀಟಿ ತೋರಿಸಿದ. ಪರ್ಷಿಯನ್ನರಲ್ಲೂ ತಂಬೂರ್ ಎಂಬ ವಾದ್ಯವಿದೆ. ವಾದ್ಯದ ಹೆಸರಿನ ಊರಿನಿಂದ ಬಂದವನೆಂದು ಚಹಾ ಕುಡಿಸಿ ಕಳಿಸಿದ.

ಇಲ್ಲಿಯವರೆಗಿನದು ಯಾವ ಪ್ರವಾಸಿಯೂ ಸಂತೋಷದಿಂದ ಬರೆಯಬಹುದಾದದ್ದು. ಮುಂದಿನದು ಹಾಗಲ್ಲ.

ಯೆರೆವಾನಿನ ಗುಡ್ಡವೊಂದರ ಮೇಲೆ ಜಿಜೆರ್ನಕಾಬೆರ್ದ್ ಸ್ಮಾರಕವಿದೆ. ವೃತ್ತಾಕಾರದಲ್ಲಿ ಒಳಕ್ಕೆ ಬಾಗಿದ ಹನ್ನೆರಡು ದೊಡ್ಡ ಕಲ್ಲುಗಳು, ನಡುವೆ ತಗ್ಗಿನಲ್ಲಿ ಆರದ ಬೆಂಕಿ. ಮೆಟ್ಟಿಲು ಇಳಿಯುವಾಗ ತಲೆ ತಾನಾಗಿ ಬಾಗುತ್ತದೆ. 1915ರ ಏಪ್ರಿಲ್ 24ರಂದು ಇಸ್ತಾಂಬುಲಿನಲ್ಲಿ ಆರ್ಮೇನಿಯನ್ ಬರಹಗಾರರು, ವಕೀಲರು, ಪಾದ್ರಿಗಳನ್ನು ಹಿಡಿದು ಸಾಗಿಸುವುದರೊಂದಿಗೆ ಶುರುವಾಗಿ, ಒಟ್ಟೊಮಾನ್ ಸಾಮ್ರಾಜ್ಯದ ಹಳ್ಳಿ ಪಟ್ಟಣಗಳಿಂದ ಒಂದಿಡೀ ಜನಾಂಗವನ್ನು ಕಿತ್ತು ಸಿರಿಯಾದ ಮರುಭೂಮಿಯ ಕಡೆಗೆ ನಡೆಸಿದರು. ಗಂಡಸರನ್ನು ಮೊದಲೇ ಬೇರ್ಪಡಿಸಿ ಕೊಂದರು. ಹೆಂಗಸರು, ಮಕ್ಕಳು ಹಸಿವೆ, ಬಿಸಿಲು, ದರೋಡೆಗೆ ಸತ್ತರು. ಸತ್ತವರ ಸಂಖ್ಯೆಯನ್ನು ಆರು ಲಕ್ಷದಿಂದ ಹದಿನೈದು ಲಕ್ಷದವರೆಗೆ ಅಂದಾಜು ಮಾಡುತ್ತಾರೆ. ಚರಿತ್ರಕಾರರಲ್ಲಿ ಹೆಚ್ಚಿನವರು ಇದನ್ನು ಜನಾಂಗಹತ್ಯೆ ಎನ್ನುತ್ತಾರೆ. ಟರ್ಕಿ ಆ ಶಬ್ದವನ್ನು ಒಪ್ಪುವುದಿಲ್ಲ.

ವಸ್ತುಸಂಗ್ರಹಾಲಯದ ಫೋಟೊಗಳ ಮುಂದೆ ನಡೆಯುತ್ತ ನನ್ನ ಮನಸ್ಸು ಹೋದದ್ದು ಧಾರವಾಡಕ್ಕೆ. 1921ರ ಜುಲೈ 1ರಂದು ಧಾರವಾಡದ ಜಕಣಿ ಬಾವಿಯ ಹತ್ತಿರ ಸೆರೆ ಅಂಗಡಿಯ ಮುಂದೆ ಪಿಕೆಟಿಂಗ್ ನಡೆದಾಗ ಪೋಲೀಸರು ಗುಂಡು ಹಾರಿಸಿದರು. ಮೂವರು ಖಿಲಾಫತ್ ಸ್ವಯಂಸೇವಕರು ಸತ್ತರು. ನಮ್ಮ ಕಡೆ ಸ್ವಾತಂತ್ರ್ಯ ಹೋರಾಟಕ್ಕೆ ಮುಸ್ಲಿಮರು ಕೊಟ್ಟದ್ದೇನು ಎಂದು ಯಾರಾದರೂ ಕೇಳಿದರೆ ನಾವು ತಲೆಯೆತ್ತಿ ಹೇಳುವ ಮಾತು ಇದು. ಗಾಂಧೀಜಿಯವರೂ ಅಲಿ ಸಹೋದರರೂ ಕೂಡಿ ನಡೆಸಿದ ಆ ಚಳವಳಿ ಟರ್ಕಿಯ ಖಲೀಫರ ಗೌರವ ಉಳಿಸಲು ಹುಟ್ಟಿದ್ದು. ಯಾರ ಖಿಲಾಫತ್ತಿನ ಹೆಸರು ಹೇಳಿಕೊಂಡು ನಮ್ಮವರು ಎದೆಯೊಡ್ಡಿದರೋ ಅದೇ ಸಾಮ್ರಾಜ್ಯದ ಆಡಳಿತ, ಆರು ವರ್ಷ ಮೊದಲು ಈ ಫೋಟೊಗಳಲ್ಲಿರುವ ಮಕ್ಕಳನ್ನು ಮರುಭೂಮಿಗೆ ಅಟ್ಟಿತ್ತು. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳುವುದು ಹೇಗೆ?

ಆ ರಾತ್ರಿ ಊಟ ಸೇರಲಿಲ್ಲ. ಖಾಲಾಗೆ ಎಲ್ಲಿಗೆ ಹೋಗಿದ್ದೆನೆಂದು ತಿಳಿಯಿತು. ತಾವಾಗಿಯೇ ಅಜ್ಜಿಯ ಕಥೆ ಹೇಳಿದರು. ಅಜ್ಜಿ ಒಂಬತ್ತು ವರ್ಷದವಳಿದ್ದಾಗ ತಾಯಿಯ ಕೈಹಿಡಿದು ದೇರ್ ಜೋರ್ ಊರಿನ ದಾರಿಯಲ್ಲಿ ನಡೆದವಳು. ತಾಯಿ ದಾರಿಯಲ್ಲೇ ಹೋದಳು. ಬಾಲಕಿಯನ್ನು ಬದೂವಿ ಅರಬರ ಕುಟುಂಬವೊಂದು ಡೇರೆಗೆ ಕರೆದೊಯ್ದು ನಾಲ್ಕು ವರ್ಷ ಸಾಕಿತು. ಗಲ್ಲದ ಮೇಲೆ ತಮ್ಮ ರೂಢಿಯಂತೆ ಹಚ್ಚೆ ಹೊಯ್ದರು. ಯುದ್ಧ ಮುಗಿದ ಮೇಲೆ ಅಲೆಪ್ಪೊದ ಅನಾಥಾಲಯ ಸೇರಿದಳು. ಸಾಯುವವರೆಗೂ ಆ ಹಚ್ಚೆ ಹೋಗಲಿಲ್ಲ. "ಕೆಲವೊಮ್ಮೆ ಅದನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತಿದ್ದಳು, ಕೆಲವೊಮ್ಮೆ ಅದನ್ನು ಸವರುತ್ತ ಆ ಡೇರೆಯ ತಾಯಿಯನ್ನು ನೆನೆಯುತ್ತಿದ್ದಳು" ಎಂದರು ಖಾಲಾ. "ನಮ್ಮನ್ನು ಕೊಂದವರೂ ಮುಸ್ಲಿಮರು, ನನ್ನನ್ನು ಉಳಿಸಿದವರೂ ಮುಸ್ಲಿಮರು ಅನ್ನುತ್ತಿದ್ದಳು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅದು ನನ್ನ ಕಥೆಯಲ್ಲ ಎಂದು ಮಕ್ಕಳನ್ನು ಗದರುತ್ತಿದ್ದಳು."

ಆಮೇಲೆ ನಾನು ಹುಡುಕಿ ಓದಿದ್ದೂ ಅಜ್ಜಿಯ ಮಾತಿಗೆ ಸಾಕ್ಷಿಯಾಗಿದೆ. ಹತ್ಯೆಯ ಯೋಜನೆ ತಲಾತ್ ಪಾಷಾ ಮತ್ತು ಆತನ ಯಂಗ್ ಟರ್ಕ್ ಕೂಟದ್ದು; ಸುಲ್ತಾನ ಹೆಸರಿಗಷ್ಟೇ ಇದ್ದ. ಯುದ್ಧದ ನಂತರ 1919ರಲ್ಲಿ ಇಸ್ತಾಂಬುಲಿನ ಒಟ್ಟೊಮಾನ್ ನ್ಯಾಯಾಲಯವೇ ತಲಾತನಿಗೆ ಮರಣದಂಡನೆ ವಿಧಿಸಿತು. ಆತ ಆಗಲೇ ದೇಶ ಬಿಟ್ಟು ಓಡಿದ್ದ. ಅಲೆಪ್ಪೊದ ಗವರ್ನರ್ ಆಗಿದ್ದ ಜಲಾಲ್ ಬೇ ಆಜ್ಞೆ ಪಾಲಿಸಲು ಒಪ್ಪದೆ ಕೊನ್ಯಾಕ್ಕೆ ವರ್ಗವಾದ. ಅಲ್ಲಿಯೂ ಜನರನ್ನು ಉಳಿಸಲು ಹೆಣಗಿದ. ಮಕ್ಕಾದ ಷರೀಫ್ ಹುಸೇನ್ ತನ್ನವರಿಗೆ ಪತ್ರ ಬರೆದು, ನಿಮ್ಮ ಸೀಮೆಗೆ ಬಂದ ಆರ್ಮೇನಿಯನ್ನರನ್ನು ನಿಮ್ಮವರಂತೆ ಕಾಪಾಡಿ ಎಂದು ಆಜ್ಞಾಪಿಸಿದ. ಫಾಯಿಜ್ ಅಲ್ ಗುಸೈನ್ ಎಂಬ ಅರಬ್ ವಕೀಲ ದಿಯಾರ್‌ಬಕಿರಿನಲ್ಲಿ ಕಂಡು ಕೇಳಿದ್ದನ್ನೆಲ್ಲ ಬರೆದಿಟ್ಟ. ಇಂಥ ಕೃತ್ಯ ಇಸ್ಲಾಮಿನ ಮೇಲೆ ಬೀಳುವ ಕಳಂಕ, ಮುಸ್ಲಿಮರೇ ಇದನ್ನು ಹೇಳಬೇಕು ಎಂಬುದು ಆತನ ಹಟ. ತಪ್ಪಿಸಿಕೊಂಡು ಬಂದು ಆತ ಆ ಪುಸ್ತಕ ಬರೆದ ಊರು ಯಾವುದು ಗೊತ್ತೇ? ನಮ್ಮ ಮುಂಬಯಿ, 1916ರಲ್ಲಿ. ಧಾರವಾಡವೂ ಆಗ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಆದರೂ ಆ ಸುದ್ದಿ ನಮ್ಮ ಜನರ ಮನಸ್ಸಿಗೆ ಇಳಿಯಲಿಲ್ಲ. ಅದನ್ನು ದೊಡ್ಡ ದನಿಯಲ್ಲಿ ಸಾರುತ್ತಿದ್ದವರು ಬ್ರಿಟಿಷರು. ಜಲಿಯನ್‌ವಾಲಾಬಾಗಿನಲ್ಲಿ ಗುಂಡು ಹಾರಿಸಿದವರ ಬಾಯಿಯಿಂದ ಬಂದ ಕರುಣೆಯ ಮಾತನ್ನು ಯಾರು ನಂಬುತ್ತಾರೆ? ಸುಳ್ಳುಗಾರನ ಬಾಯಲ್ಲಿ ಸಿಕ್ಕ ಸತ್ಯಕ್ಕೆ ಒದಗುವ ಗತಿ ಇದು.

ಇದರಿಂದ ಜಕಣಿ ಬಾವಿಯ ಮೂವರ ತ್ಯಾಗ ಕಡಿಮೆಯಾಗುವುದಿಲ್ಲ. ಅವರು ಸತ್ತದ್ದು ಪರಕೀಯ ಸರಕಾರದ ಗುಂಡಿಗೆ ಎದುರಾಗಿ, ತಮ್ಮ ಊರಿನ ಬೀದಿಯಲ್ಲಿ. ಆದರೆ ನಮ್ಮ ಹುತಾತ್ಮರನ್ನು ನೆನೆಯುವುದಕ್ಕೆ ಬೇರೆಯವರ ಸತ್ತ ಮಕ್ಕಳನ್ನು ಮರೆಯಬೇಕಾದ ಅಗತ್ಯವೇನೂ ಇಲ್ಲ. ಗುಜರಾತಿನ ಬಗ್ಗೆ, ಗಾಜಾದ ಬಗ್ಗೆ ಲೋಕ ಮೌನವಾಗಿದ್ದಾಗ ನಮಗೆ ನೋವಾಗುತ್ತದೆ. ನಮ್ಮ ನೋವನ್ನು ಲೋಕ ಕೇಳಲಿ ಎನ್ನುವವರು ನಮ್ಮವರೆನಿಸಿಕೊಂಡವರು ಕೊಟ್ಟ ನೋವನ್ನೂ ಕಿವಿಗೊಟ್ಟು ಕೇಳಬೇಕಾಗುತ್ತದೆ.

ಈ ಮಾತು ಆರ್ಮೇನಿಯನ್ನರಿಗೂ ಅನ್ವಯಿಸುತ್ತದೆ. 2023ರ ಸೆಪ್ಟೆಂಬರಿನಲ್ಲಿ ನಗೊರ್ನೊ ಕರಾಬಖ್ ಅಜರ್‌ಬೈಜಾನಿನ ವಶವಾದಾಗ ಒಂದು ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ಕೆಲವೇ ದಿನಗಳಲ್ಲಿ ಮನೆ ಬಿಟ್ಟು ಬಂದರು. ಖಾಲಾನ ಕೆಳಗಿನ ಮನೆಯಲ್ಲಿ ಅಂಥದೊಂದು ಕುಟುಂಬವಿತ್ತು. ಬಿಟ್ಟುಬಂದ ಮನೆಯ ಕೀಲಿಕೈ ಗೋಡೆಗೆ ತೂಗಿತ್ತು. ಆದರೆ 1988ರ ನಂತರದ ವರ್ಷಗಳಲ್ಲಿ ಆರ್ಮೇನಿಯಾದಿಂದ ಅಜರ್‌ಬೈಜಾನಿ ಮುಸ್ಲಿಮರು ಲಕ್ಷಗಟ್ಟಲೆ ಹೀಗೆಯೇ ಹೊರಟುಹೋಗಿದ್ದರು. 1992ರ ಫೆಬ್ರವರಿಯಲ್ಲಿ ಖೊಜಾಲಿಯಲ್ಲಿ ನೂರಾರು ನಿರಾಯುಧ ಅಜರ್‌ಬೈಜಾನಿಗಳು ಸತ್ತರು. ಆ ಮಾತು ತೆಗೆದಾಗ ಖಾಲಾ ಬಹಳ ಹೊತ್ತು ಸುಮ್ಮನಿದ್ದರು. ನಂತರ, "ಅವರ ಅಜ್ಜಿಯರೂ ಕಥೆ ಹೇಳುತ್ತಿರಬೇಕು" ಎಂದಷ್ಟೇ ಅಂದರು. ಹೊರಡುವ ದಿನ ಒಣಗಿಸಿದ ಲವಾಶನ್ನು ಬಟ್ಟೆಯಲ್ಲಿ ಕಟ್ಟಿ ಕೈಗಿಟ್ಟರು.

ಅದೇ ಜುಲೈನಲ್ಲಿ ಊರಿಗೆ ಬಂದವನು ಮಗಳ ಕಾಲೇಜಿನ ಕೆಲಸಕ್ಕೆ ಧಾರವಾಡಕ್ಕೆ ಹೋದಾಗ ಅವಳನ್ನು ಜಕಣಿ ಬಾವಿಗೆ ಕರೆದುಕೊಂಡು ಹೋದೆ. ಮೂವರ ಕಥೆ ಹೇಳಿದೆ, ನಂತರ ದೇರ್ ಜೋರ್ ದಾರಿಯ ಕಥೆಯನ್ನೂ ಹೇಳಿದೆ. "ಎರಡೂ ಖರೇನ ಏನ್ ಅಬ್ಬಾ?" ಎಂದು ಕೇಳಿದಳು. ಎರಡೂ ಖರೇನೇ ಎಂದೆ. ಮಳೆ ಹನಿಯುತ್ತಿತ್ತು. ಆ ಮೂವರಿಗೆ ಫಾತಿಹಾ ಓದಿದೆ. ಹೆಸರು ಗೊತ್ತಿರದ ಆ ಇನ್ನೊಂದು ದಾರಿಯವರನ್ನು ನೆನೆದು ಇಬ್ಬರೂ ಇನ್ನಷ್ಟು ಹೊತ್ತು ಅಲ್ಲಿಯೇ ನಿಂತೆವು.